ಮನೆ ಬಿಟ್ಟು ಹೋದ ಚಿಕ್ಕಪ್ಪನಿಗೆ

ಪ್ರೀತಿಯ ಚಿಕ್ಕಪ್ಪ,

ವಿಳಾಸ ಗೊತ್ತಿಲ್ಲದವರಿಗೆ ಕಾಗದ ಹಾಕಬೇಕೆಂದರೆ ಪತ್ರಿಕೆಯ ಪುಟವಲ್ಲದೆ ಬೇರೆ ಅಂಚೆಡಬ್ಬಿ ಇಲ್ಲ. ‘ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಕಾಗದ ಶುರುಮಾಡುವುದನ್ನು ಕಲಿಸಿದವನು ನೀನೇ. ಆ ಸಾಲನ್ನು ಈ ಸಲ ಬರೆಯಲಾರೆ. ಕೆಲವು ವರ್ಷ ಇತ್ತ ನಾವು ಕ್ಷೇಮವಾಗಿರಲಿಲ್ಲ. ಈಗ ಪರವಾಗಿಲ್ಲ. ನಡುವೆ ಏನಾಯಿತು, ನಾನು ಹೇಗೆ ಉಳಿದುಕೊಂಡೆ ಎಂಬುದನ್ನು ನಿನಗೇ ಹೇಳಬೇಕು. ಈ ಮನೆಯಲ್ಲಿ ಅದನ್ನು ನನಗಿಂತ ಮೊದಲು ಅನುಭವಿಸಿದವನು ನೀನೊಬ್ಬನೇ.

1979ರ ಮಳೆಗಾಲದಲ್ಲಿ ನೀನು ಹೋದಾಗ ನನಗೆ ಒಂಬತ್ತು ವರ್ಷ, ನಿನಗೆ ಇಪ್ಪತ್ತಾರು. ‘ದೇಶಾಂತರ ಹೋದ’ ಎಂದರು. ಸಾಗರ, ಸೊರಬ, ಸಿರಸಿ ಸೀಮೆಯ ಎಷ್ಟೋ ಮನೆಗಳಲ್ಲಿ ಹೀಗೆ ಹೋದವರೊಬ್ಬರಿದ್ದಾರೆ. ಗೋಡೆಯ ಮೇಲೆ ಅವರ ಫೋಟೊ ಇರುತ್ತದೆ, ಹಾರ ಇರುವುದಿಲ್ಲ. ಕಾರಣ ಕೇಳಿದರೆ ಸಾಲ, ಜಗಳ, ಪ್ರೇಮ, ವೈರಾಗ್ಯ, ಇವುಗಳಲ್ಲಿ ಯಾವುದೋ ಒಂದನ್ನು ಹೇಳಿ ಮಾತು ಮುಗಿಸುತ್ತಾರೆ. ಕಾಯಿಲೆಯಾಗಿತ್ತು ಎಂದು ಹೇಳಿದವರನ್ನು ನಾನು ಕಂಡಿಲ್ಲ. ನಿನಗೆ ಕಾಯಿಲೆಯಾಗಿತ್ತು, ಚಿಕ್ಕಪ್ಪ. ಅದಕ್ಕೊಂದು ಹೆಸರಿತ್ತು, ಆಗಲೇ ಮದ್ದೂ ಇತ್ತು.

ಆ ವರ್ಷದ ಕಥೆಯನ್ನು ಅಮ್ಮನಿಂದ, ಅತ್ತೆಯಿಂದ ಚೂರುಚೂರಾಗಿ ಕೇಳಿ ಕೂಡಿಸಿಕೊಂಡಿದ್ದೇನೆ. ಹಿಂದಿನ ದೀಪಾವಳಿಗೆ ಮುಂಚೆ ಅಜ್ಜನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಕೊನೆಕೊಯ್ಲು ಮುಗಿಯುವುದರೊಳಗೆ ಅತ್ತೆ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಳು. ಅಜ್ಜ ಮಲಗಿದ್ದೇ ತಡ, ದಾಯಾದಿಗಳು ಹಿಸ್ಸೆಗೆ ದಾವೆ ಹಾಕಿದರು. ಅಪ್ಪಯ್ಯ ದೂರದ ಊರಿನಲ್ಲಿ ಮೇಷ್ಟ್ರು, ಮನೆಗೆ ಬರುತ್ತಿದ್ದುದು ತಿಂಗಳಿಗೊಮ್ಮೆ. ಹಾಗಾಗಿ ಕೋರ್ಟಿನ ವಾಯಿದೆ, ಅಜ್ಜನ ಎಣ್ಣೆ ನೀವುವುದು, ಅತ್ತೆಯ ಮಕ್ಕಳ ಶಾಲೆ, ಆಳುಕಾಳು, ಎಲ್ಲ ನಿನ್ನ ತಲೆಯ ಮೇಲೆ. ಅದರ ಮೇಲೆ ತೋಟಕ್ಕೆ ಕೊಳೆರೋಗ ಬಂತು. ಎಳೆ ಅಡಕೆ ಉದುರಿ ಮರದ ಬುಡವೆಲ್ಲ ಹಸಿರಾಗಿತ್ತಂತೆ.

ಆ ದಿನಗಳ ನಿನ್ನದೊಂದು ಚಿತ್ರ ನನಗೂ ನೆನಪಿದೆ. ಬೆಳಗಿನ ಜಾವ ನಾನು ನೀರು ಕುಡಿಯಲು ಎದ್ದರೆ ನೀನು ಜಗಲಿಯ ತುದಿಯಲ್ಲಿ ಮೊಣಕಾಲು ತಬ್ಬಿಕೊಂಡು ಕೂತಿರುತ್ತಿದ್ದೆ. ತಾಳಮದ್ದಳೆಯಲ್ಲಿ ಅರ್ಥ ಹೇಳಲು ನಿಂತರೆ ಊರಿಗೆ ಊರೇ ಕಿವಿಯಾಗುತ್ತಿದ್ದವನು, ಆ ವರ್ಷ ಕೂಟಕ್ಕೆ ಕರೆದರೆ ತಲೆನೋವು ಎಂದು ಒಳಗೆ ಹೋಗುತ್ತಿದ್ದೆ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಬಿಡುತ್ತಿದ್ದೆ. ಎದೆ ಹಾರುತ್ತದೆ, ಕೈ ನಡುಗುತ್ತದೆ ಎಂದು ಪೇಟೆಯ ಡಾಕ್ಟರ ಹತ್ತಿರ ಹೋದರೆ ಅವರು ಎದೆಗೆ ಕೊಳವೆ ಇಟ್ಟು ನೋಡಿ, ಏನೂ ಇಲ್ಲ, ಧೈರ್ಯವಾಗಿರು ಎಂದು ಟಾನಿಕ್ ಬರೆದುಕೊಟ್ಟರಂತೆ. ಅಜ್ಜಿ ಅಂತ್ರ ಕಟ್ಟಿಸಿದಳು. ದೇವರಲ್ಲಿ ಹೇಳಿಕೆ ಕೇಳಿದಳು. ಅವಳನ್ನು ನಾನು ದೂರುವುದಿಲ್ಲ. ನಿನಗೇನೋ ಆಗಿದೆ ಎಂದು ನಂಬಿದವಳು ಆ ಮನೆಯಲ್ಲಿ ಅವಳೊಬ್ಬಳೇ. ತನಗೆ ಗೊತ್ತಿದ್ದ ಬಾಗಿಲನ್ನು ತಟ್ಟಿದಳು. ಉಳಿದವರು ‘ಗಂಡಸಾಗಿ ಹೀಗೆ ಕೂತರೆ ಹೇಗೆ’ ಎಂದರು.

ಎಲ್ಲಕ್ಕಿಂತ ಹೆಚ್ಚು ಸಲ ಆ ಮನೆಯಲ್ಲಿ ಕೇಳಿಬಂದ ಮಾತು ಇನ್ನೊಂದಿದೆ. ಅತ್ತೆ ಅದನ್ನು ಅಜ್ಜನ ದನಿಯಲ್ಲೇ ಹೇಳುತ್ತಿದ್ದಳು: ‘ಇದೆಲ್ಲ ಒಂದು ದಡ ಮುಟ್ಟಲಿ, ಆಮೇಲೆ ನಿನ್ನದು ನೋಡನ.’ ಅಜ್ಜ ಏಳಲಿ, ಕೇಸು ಮುಗಿಯಲಿ, ಅಡಕೆಗೆ ದರ ಬರಲಿ, ಅತ್ತೆಯ ಮಕ್ಕಳು ದೊಡ್ಡವರಾಗಲಿ. ಎಲ್ಲರ ಕಷ್ಟಕ್ಕೂ ಆ ಮನೆಯಲ್ಲಿ ಸರದಿಯಿತ್ತು. ನಿನ್ನ ಸರದಿ ಕೊನೆಗೆ. ಕೇಸು ಮುಗಿಯಲು ಹನ್ನೊಂದು ವರ್ಷ ಹಿಡಿಯಿತು, ಚಿಕ್ಕಪ್ಪ. ನೀನು ಅಷ್ಟು ಕಾಯಬೇಕಿತ್ತೇ?

ಹೋಗುವ ಹಿಂದಿನ ದಿನ ನೀನು ಎಲ್ಲರ ಕೂಲಿ ಲೆಕ್ಕ ಚುಕ್ತಾ ಮಾಡಿದೆಯಂತೆ. ಕೋರ್ಟಿನ ಕಾಗದಗಳನ್ನೆಲ್ಲ ಜೋಡಿಸಿ ದಾರ ಕಟ್ಟಿ ಅಪ್ಪಯ್ಯನ ಹೆಸರು ಬರೆದಿಟ್ಟೆಯಂತೆ. ‘ಸದ್ಯ, ಹುಡುಗ ಸರಿಹೋದ’ ಎಂದು ಮನೆಯವರು ನಿಟ್ಟುಸಿರು ಬಿಟ್ಟರು. ಬಹಳ ದಿನ ಕುಗ್ಗಿಹೋಗಿದ್ದವರು ಇದ್ದಕ್ಕಿದ್ದಂತೆ ಸಮಾಧಾನಗೊಂಡು ಲೆಕ್ಕಪತ್ರ ತೀರಿಸತೊಡಗಿದರೆ ಅವರನ್ನು ಒಂಟಿಯಾಗಿ ಬಿಡಬಾರದು, ಆ ದಿನವೇ ಕೂರಿಸಿಕೊಂಡು ಕೇಳಬೇಕು ಎಂದು ಮನೋವೈದ್ಯರು ಹೇಳುತ್ತಾರೆ. ನಮ್ಮ ಮನೆಗೆ ಹಾಗೆಂದು ಹೇಳುವವರು ಯಾರೂ ಇರಲಿಲ್ಲ.

ಈಗ ನನ್ನದು ಹೇಳುತ್ತೇನೆ.

2022ರ ಮಳೆಗಾಲದ ಹೊತ್ತಿಗೆ ಮಲೆನಾಡಿನ ತೋಟಗಳಿಗೆ ಎಲೆಚುಕ್ಕಿ ರೋಗ ಬಲವಾಗಿ ಹಬ್ಬಿತು. ನಿನ್ನ ಕಾಲದ ಕೊಳೆ ಕಾಯಿ ಉದುರಿಸುತ್ತಿತ್ತು. ಇದು ಸೋಗೆಯನ್ನೇ ಸುಟ್ಟು ಮರವನ್ನು ಸೊರಗಿಸುತ್ತದೆ. ತಮ್ಮ ತೋಟ ನೋಡಿಕೊಂಡು ಮನೆಯಲ್ಲೇ ಇದ್ದಾನೆ. ಅವನ ಸಾಲಕ್ಕೆ ನಾನು ಜಾಮೀನು. ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿ ಒಲೆಯ ಮೇಲೆ ಹಾಲಿಟ್ಟು ಹೊರಗೆ ಹೋಗುತ್ತಿದ್ದಳು. ಒಂದು ರಾತ್ರಿ ಚಿಲಕ ತೆಗೆದು ರಸ್ತೆಗೇ ಹೋಗಿಬಿಟ್ಟಳು. ಅವಳನ್ನು ಪೇಟೆಗೆ, ನನ್ನ ಮನೆಗೆ ಕರೆತಂದೆ. ಬಂದು ನೆಲೆಯಾಗುವ ಮುಂಚೆಯೇ ನನ್ನ ಗಂಡನಿಗೆ ಪಾರ್ಶ್ವವಾಯು ಆಯಿತು. ಅಜ್ಜನಿಗೆ ಬಿದ್ದ ಎಡಭಾಗವೇ ಅವರಿಗೂ ಬಿತ್ತು, ಜೊತೆಗೆ ಮಾತು ತೊದಲಿತು. ಬೆಂಗಳೂರಿನಲ್ಲಿದ್ದ ಮಗಳ ಸಂಸಾರ ಮುರಿಯುವ ಸ್ಥಿತಿಗೆ ಬಂದಿತ್ತು. ಅದನ್ನು ಅವಳು ಅಪ್ಪ ಆಸ್ಪತ್ರೆಯಲ್ಲಿದ್ದಾಗಲೇ ಹೇಳಬೇಕಾಗಿ ಬಂತು.

ಒಂದೊಂದಾಗಿ ಬಂದಿದ್ದರೆ ತಡೆಯುತ್ತಿದ್ದೆನೇನೋ. ಒಂದರ ಚಿಂತೆ ಇನ್ನೊಂದಕ್ಕೆ ಬೇಕಾದ ಬುದ್ಧಿಯನ್ನು ತಿಂದುಹಾಕುತ್ತಿತ್ತು. ಫಿಸಿಯೋಥೆರಪಿಗೆ ಇವರನ್ನು ಎಬ್ಬಿಸುವಾಗ ಅಮ್ಮ ಬಾಗಿಲು ತೆಗೆದಳೇ ಎಂಬ ಚಿಂತೆ. ಅಮ್ಮನಿಗೆ ಊಟ ಮಾಡಿಸುವಾಗ ತಮ್ಮನ ಸಾಲಕ್ಕೆ ಬಂದ ಸೊಸೈಟಿಯ ನೋಟಿಸಿನ ಚಿಂತೆ. ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಫೋನ್ ನಡುಗಿದರೆ ಕೈ ಬೆವರಿ ಸೀಮೆಸುಣ್ಣ ಜಾರುತ್ತಿತ್ತು. ಎದೆ ಡವಗುಟ್ಟಿ, ಉಸಿರು ಸಾಲದಾಗಿ, ಈಗಲೇ ಸಾಯುತ್ತೇನೆ ಅನಿಸುತ್ತಿತ್ತು. ಹತ್ತು ನಿಮಿಷ ಕಳೆದರೆ ಅದು ಇಳಿಯುತ್ತಿತ್ತು, ಆದರೆ ಮತ್ತೆ ಬಂದೀತೆಂಬ ಭಯ ಇಳಿಯುತ್ತಿರಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರ. ಕೆಲವು ತಿಂಗಳಲ್ಲಿ ಭಯವೂ ದಣಿದು ಹೋಯಿತು. ಆಮೇಲೆ ಏನೂ ಇಲ್ಲ. ಮೊಮ್ಮಗು ನಕ್ಕರೂ ಏನೂ ಇಲ್ಲ, ಇವರು ಮೊದಲ ಸಲ ಕೈ ಎತ್ತಿದಾಗಲೂ ಏನೂ ಇಲ್ಲ. ಅತ್ತರೆ ಹಗುರಾದೀತೆಂದರೆ ಅಳುವೂ ಬರುತ್ತಿರಲಿಲ್ಲ. ನಿನ್ನ ಮುಖದ ಮೇಲೆ ಆ ದಿನಗಳಲ್ಲಿದ್ದದ್ದು ದುಃಖವಲ್ಲ, ಈ ‘ಏನೂ ಇಲ್ಲ’ ಎಂಬುದು ನನಗೆ ಆಗ ತಿಳಿಯಿತು.

ಹೊರಗೆ ಎಲ್ಲರೂ ಮೆಚ್ಚುತ್ತಿದ್ದರು. ‘ಎಷ್ಟು ಗಟ್ಟಿಗಿತ್ತಿ, ಒಬ್ಬಳೇ ಎಲ್ಲ ನಿಭಾಯಿಸುತ್ತಾಳೆ.’ ಈ ಹೊಗಳಿಕೆಯ ಬಗ್ಗೆ ನನಗೆ ಸಿಟ್ಟಿದೆ. ನಮ್ಮ ಕಡೆ ಮನೆ ಹೊತ್ತವರನ್ನು ಹೀಗೆ ಹೊಗಳಿಯೇ ಬಾಯಿ ಕಟ್ಟುತ್ತಾರೆ. ಗಟ್ಟಿಗಿತ್ತಿ ಎನಿಸಿಕೊಂಡವಳು ನಾಳೆ ಯಾವ ಬಾಯಲ್ಲಿ ‘ನನಗಾಗುತ್ತಿಲ್ಲ’ ಎನ್ನಬೇಕು? ನಿನ್ನನ್ನೂ ‘ಮನೆಗೆ ಆಧಾರ’ ಎನ್ನುತ್ತಿದ್ದರಂತೆ.

ಇವರ ಮಾತ್ರೆ ತರಲು ಶಿವಮೊಗ್ಗಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಸಾಗರದ ಬಸ್ಸು ಬಂದು ನಿಂತಿತು, ಹೊರಟೂ ಹೋಯಿತು. ನಾನು ಎದ್ದಿರಲಿಲ್ಲ. ಪಕ್ಕದಲ್ಲಿ ಹುಬ್ಬಳ್ಳಿಗೆ ಹೋಗುವ ಬಸ್ಸಿತ್ತು. ಅದನ್ನು ಹತ್ತಿ ಕೂತರೆ ಸಾಕು, ಯಾರ ಫೋನೂ ಬರುವುದಿಲ್ಲ ಎಂದು ಅನಿಸಿದ್ದು ಎಷ್ಟು ಸಹಜವಾಗಿತ್ತೆಂದರೆ, ಅದರಲ್ಲಿ ದುಃಖವಾಗಲಿ ತಪ್ಪೆಂಬ ಭಾವವಾಗಲಿ ಇರಲಿಲ್ಲ. ಬಹಳ ದಿನದ ಮೇಲೆ ಒಂದು ಸರಳ ಕೆಲಸ ಕಣ್ಣಿಗೆ ಬಿದ್ದಂತಿತ್ತು, ಅಷ್ಟೆ. ನೀನು ನಮ್ಮನ್ನು ಪ್ರೀತಿಸುತ್ತಿರಲಿಲ್ಲವೇ ಎಂದು ಬಾಲ್ಯವಿಡೀ ನನ್ನನ್ನು ಕಾಡಿದ ಪ್ರಶ್ನೆ ಆ ಕಲ್ಲುಬೆಂಚಿನ ಮೇಲೆ ಬಿದ್ದುಹೋಯಿತು. ಪ್ರೀತಿ ಇದ್ದೂ ಹೋಗಬಹುದು. ಆ ಕಾಯಿಲೆ ಹಾಗೆ ಮಾಡಿಸುತ್ತದೆ.

ನನ್ನನ್ನು ಉಳಿಸಿದ್ದು ಶಾಲೆಯ ಸಹೋದ್ಯೋಗಿಯೊಬ್ಬರು. ಸ್ಟಾಫ್ ರೂಮಿನಲ್ಲಿ ಎದುರು ಕೂರುವ ಗಣಿತದ ಟೀಚರ್. ಅವರು ನನಗೆ ಧೈರ್ಯ ಹೇಳಲಿಲ್ಲ. ‘ನೀವು ರಾತ್ರಿ ಎಷ್ಟು ಹೊತ್ತು ಮಲಗ್ತೀರಿ? ಕೊನೆಯ ಸಲ ಯಾವಾಗ ಹಸಿವಾಗಿತ್ತು?’ ಎಂದು ಕೇಳಿದರು. ಉತ್ತರ ಕೇಳಿಸಿಕೊಂಡು, ‘ಶನಿವಾರ ಮಧ್ಯಾಹ್ನ ನನ್ನ ಜೊತೆ ಬನ್ನಿ, ನಿಮ್ಮನೆಯಲ್ಲಿ ನನ್ನ ಮಗ ಕೂತಿರುತ್ತಾನೆ’ ಎಂದರು. ನಾನು ಹೇಳಿದೆ: ‘ಇವರು ಸ್ವಲ್ಪ ಓಡಾಡುವಂತಾಗಲಿ, ತಮ್ಮನ ಸಾಲ ಒಂದು ದಡ ಮುಟ್ಟಲಿ, ಆಮೇಲೆ ಬರುತ್ತೇನೆ.’ ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಕೇಳಿಸಿತು. ಅತ್ತೆ ಅನುಕರಿಸುತ್ತಿದ್ದ ಅಜ್ಜನ ದನಿ ಕೇಳಿಸಿತು. ಶನಿವಾರ ಹೋದೆ.

ಚಿಕ್ಕಪ್ಪ, ನೀನು ತೋಟದವನು, ನಿನಗೆ ಹೇಳಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಮದ್ದು ಹೊಡೆಯೋಣ ಎಂದು ನಮ್ಮಲ್ಲಿ ಯಾರೂ ಕೂರುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಂದು ಸಲ, ಆಮೇಲೆ ಮಳೆಯ ನಡುವೆಯೇ ಹೊಳವಾದ ದಿನ ನೋಡಿ ಇನ್ನೊಂದು ಸಲ ಮೈಲುತುತ್ತ ಸುಣ್ಣ ಕಲಸಿಕೊಂಡು ಮರ ಹತ್ತಿಸುತ್ತೇವೆ. ಮರಕ್ಕೆ ತೋರುವ ಈ ವಿವೇಕವನ್ನು ನಾವು ಮನುಷ್ಯರಿಗೆ ತೋರುವುದಿಲ್ಲ. ಈ ಕಾಗದದಲ್ಲಿ ನನಗೆ ಹೇಳಲಿರುವುದು ಇಷ್ಟೇ: ಮನೆಯ ಕಷ್ಟಗಳು ಮುಗಿಯುವವರೆಗೆ ಮನಸ್ಸಿನ ಚಿಕಿತ್ಸೆಯನ್ನು ಮುಂದೂಡಬಾರದು. ಕಷ್ಟಗಳ ನಡುವೆಯೇ, ಅವುಗಳಿಗಿಂತ ಮುಂಚೆಯೇ ಅದಕ್ಕೆ ಸರದಿ ಕೊಡಬೇಕು.

ಟೀಚರ್ ಅವತ್ತು ಕರೆದೊಯ್ದ ಮನೋವೈದ್ಯರು ಮೊದಲು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆಯಿದ್ದರೂ, ಬಿ12 ಕೊರತೆಯಿದ್ದರೂ ಇದೇ ಸುಸ್ತು, ಇದೇ ಮಂಕು ಬರಬಹುದಂತೆ. ಆಮೇಲೆ ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ ಕೇಳಿದರು. ನಿದ್ದೆ, ಹಸಿವು, ಆಸಕ್ತಿ, ಏಕಾಗ್ರತೆ, ತಾನು ನಿಷ್ಪ್ರಯೋಜಕ ಎಂಬ ಭಾವ. ಕೊನೆಯ ಪ್ರಶ್ನೆ ಸಾಯಬೇಕೆನಿಸುತ್ತದೆಯೇ ಎಂಬುದು. ಯಾವ ಮುಚ್ಚುಮರೆಯೂ ಇಲ್ಲದೆ, ಜ್ವರ ಇದೆಯೇ ಎಂದು ಕೇಳುವ ಹಾಗೆ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಜನ ಹೆದರುತ್ತಾರೆ. ಹುಟ್ಟುವುದಿಲ್ಲ. ಒಳಗೆ ಕೂತಿದ್ದು ಹೊರಬರಲು ದಾರಿಯಾಗುತ್ತದೆ. ನಾನು ಹುಬ್ಬಳ್ಳಿ ಬಸ್ಸಿನ ವಿಷಯ ಹೇಳಿದೆ. ನಿನ್ನ ವಿಷಯವನ್ನೂ ಹೇಳಿದೆ. ಅವರು ಬರೆದುಕೊಂಡರು. ಖಿನ್ನತೆ ಕೆಲವೊಮ್ಮೆ ಮನೆತನದಲ್ಲಿ ಹರಿದುಬರುತ್ತದೆ, ಆದ್ದರಿಂದ ಅದು ಚಿಕಿತ್ಸೆಗೆ ಬೇಕಾದ ಮಾಹಿತಿ ಎಂದರು. ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಮಾನ ಮರ್ಯಾದೆಯೆಂದು ಮುಚ್ಚಿಟ್ಟದ್ದು ಅಲ್ಲಿ ಒಂದು ಉಪಯುಕ್ತ ಮಾಹಿತಿಯಾಯಿತು.

ಮಾತ್ರೆಯ ಬಗ್ಗೆ ನಮ್ಮ ಜನಕ್ಕಿರುವ ಹೆದರಿಕೆ ನನಗೂ ಇತ್ತು. ಚಟವಾಗುತ್ತದೆ, ಮಂಕು ಕವಿಯುತ್ತದೆ, ಜೀವನಪೂರ್ತಿ ನುಂಗಬೇಕು. ಡಾಕ್ಟರು ಬಿಡಿಸಿ ಹೇಳಿದರು. ಖಿನ್ನತೆಯ ಮಾತ್ರೆ ಬೇರೆ, ನಿದ್ದೆಯ ಮಾತ್ರೆ ಬೇರೆ. ಚಟವಾಗುವ ಅಪಾಯ ಇರುವುದು ಎರಡನೆಯದಕ್ಕೆ, ಅದನ್ನು ಕೆಲವೇ ದಿನ, ಹೇಳಿದಷ್ಟೇ ತೆಗೆದುಕೊಳ್ಳಬೇಕು. ಮೊದಲನೆಯದು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ವಾರ ಹೊಟ್ಟೆ ತೊಳಸಬಹುದು, ಚಡಪಡಿಕೆ ಹೆಚ್ಚಬಹುದು, ಅಷ್ಟಕ್ಕೇ ನಿಲ್ಲಿಸಬಾರದು. ಸರಿಹೋಯಿತು ಅನಿಸಿದ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಿ, ನಂತರ ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ನನಗೆ ಮೊದಲು ವಾಪಸು ಬಂದದ್ದು ಸಂತೋಷವಲ್ಲ, ಹಸಿವು. ಬಿಸಿ ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ ಬೇಕೆನಿಸಿತು. ಆಮೇಲೆ ಸಿಟ್ಟು ಬಂತು, ಆಮೇಲೆ ಅಳು.

ಬೆಳಗಿನ ಜಾವ ಏಕೆ ಅಷ್ಟು ಕಷ್ಟ ಎಂದೂ ಕೇಳಿದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಎಲ್ಲರ ದೇಹದಲ್ಲೂ ಬೆಳಗಿನ ಹೊತ್ತು ಏರುತ್ತದೆ. ಖಿನ್ನತೆಯಲ್ಲಿ ಹೊತ್ತಿಗೆ ಮುಂಚೆ ಎಚ್ಚರವಾಗುವುದೂ, ಬೆಳಗ್ಗೆ ಎಲ್ಲ ಮುಗಿದಂತೆನಿಸಿ ಸಂಜೆ ಸ್ವಲ್ಪ ಹಗುರಾಗುವುದೂ ಸಾಮಾನ್ಯ ಲಕ್ಷಣ ಎಂದರು. ಆದ್ದರಿಂದ ಅವರು ಕೊಟ್ಟ ಒಂದು ಕಟ್ಟಪ್ಪಣೆ: ಬೆಳಗ್ಗೆ ಹತ್ತು ಗಂಟೆಗೆ ಮುಂಚೆ ಬದುಕಿನ ಬಗ್ಗೆ ಯಾವ ತೀರ್ಮಾನವನ್ನೂ ಮಾಡಬಾರದು. ನನಗೆ ಬಹಳ ಉಪಕಾರವಾದ ಮಾತು ಅದು. ನೀನು ಮನೆ ಬಿಟ್ಟದ್ದು ಕೋಳಿ ಕೂಗುವ ಮುಂಚೆ.

ಮಾತ್ರೆಯಿಂದ ತಮ್ಮನ ಸಾಲ ತೀರುವುದಿಲ್ಲ, ಅಮ್ಮನ ಮರೆವು ವಾಸಿಯಾಗುವುದಿಲ್ಲ. ಇದನ್ನು ಎತ್ತಿ ಹೇಳುವವರು ಬಹಳ. ನಿಜ, ಆದರೆ ಮಾತ್ರೆ ಕೊಟ್ಟದ್ದು ಕಷ್ಟಗಳನ್ನು ಒಂದೊಂದಾಗಿ ನೋಡುವ ಶಕ್ತಿ. ಆ ಶಕ್ತಿ ಬಂದ ಮೇಲೆ ಒಂದು ಭಾನುವಾರ ಮಗಳು, ತಮ್ಮ, ನಾದಿನಿ ಎಲ್ಲರನ್ನೂ ಕೂರಿಸಿ, ‘ನನಗೆ ಖಿನ್ನತೆಯಾಗಿದೆ, ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ’ ಎಂದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನನ್ನ ಗಂಡ, ಮಾತು ಪೂರ್ತಿ ಬಾರದವರು, ‘ನನಗೂ’ ಎಂದರು. ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆಂದು ಡಾಕ್ಟರು ನಂತರ ಹೇಳಿದರು. ಅಜ್ಜನಿಗೂ ಇದ್ದಿರಬಹುದು. ಒಂದೇ ಸೂರಿನಡಿ ನೀವಿಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳದೆ ಹೊತ್ತಿರಬಹುದು.

ಅವತ್ತು ಕೆಲಸ ಹಂಚಿದೆವು. ಸಾಲದ ಮಾತು ತಮ್ಮನದು, ನನ್ನ ಹತ್ತಿರ ಅದನ್ನು ವಾರಕ್ಕೊಮ್ಮೆ ಮಾತ್ರ ಎತ್ತಬೇಕು. ಅವನು ಹೋಗಿ ಮಾತಾಡಿ ಕಂತಿನ ಅವಧಿ ಹೆಚ್ಚಿಸಿಕೊಂಡ. ಅಮ್ಮನ ರಾತ್ರಿಗಳನ್ನು ನಾದಿನಿ ಮತ್ತು ನಾನು ಹಂಚಿಕೊಂಡೆವು. ನಿದ್ದೆಯಿಲ್ಲದೆ ಯಾವ ಮದ್ದೂ ಹಿಡಿಯುವುದಿಲ್ಲ. ಸಂಜೆ ಅರ್ಧ ಗಂಟೆ ನಡೆಯುವುದು ನನ್ನ ಹಕ್ಕಾಯಿತು. ಮಗಳು ತನ್ನ ವಕೀಲರನ್ನು ತಾನೇ ನೋಡಿಕೊಂಡಳು. ತಾಯಿಗೆ ಹೇಳಬೇಕಾದ್ದನ್ನು ಹೇಳಿದಳು, ನನ್ನಿಂದ ತೀರ್ಮಾನ ಕೇಳಲಿಲ್ಲ. ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡ. ಜಗಳಗಳಾದವು, ನಾದಿನಿ ಎರಡು ತಿಂಗಳು ಮುನಿಸಿಕೊಂಡು ಬರಲಿಲ್ಲ. ಆದರೆ ಯಾರೂ ಒಬ್ಬರೇ ಹೊರಲಿಲ್ಲ.

ಈ ವಿಷಯ ಓದತೊಡಗಿದ ಮೇಲೆ ನನಗೆ ಸಿಕ್ಕ ಕೆಲವು ಸಂಗತಿಗಳು ನಿನ್ನ ಕಾಲದವೇ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಇಬ್ಬರು ವೈದ್ಯರು ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100. ಅವರು ನೋಡಿದ್ದು ಒಂದು ವರ್ಷದಲ್ಲಿ ಬಂದ ಅಂಕಗಳ ಒಟ್ಟು ಮೊತ್ತವನ್ನು. ಮೊತ್ತ ಏರಿದಷ್ಟೂ ಕಾಯಿಲೆ ಬೀಳುವ ಸಂಭವ ಹೆಚ್ಚು. 1984ರಲ್ಲಿ ಭಾರತದ ಸಂಶೋಧಕರು ನಮ್ಮ ಜನಕ್ಕೆ ಹೊಂದುವಂತೆ 51 ಘಟನೆಗಳ ಪಟ್ಟಿ ಮಾಡಿದರು. ಅದರಲ್ಲಿ ಬೆಳೆ ಹಾಳಾಗುವುದಿದೆ, ದೊಡ್ಡ ಸಾಲವಿದೆ, ಮಗಳ ಅಥವಾ ತಂಗಿಯ ಮದುವೆಯಿದೆ. ನೀನು ಹೋಗುವ ಹಿಂದಿನ ವರ್ಷ, 1978ರಲ್ಲಿ, ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ದಕ್ಷಿಣ ಲಂಡನ್ನಿನ ಹೆಂಗಸರ ನಡುವೆ ನಡೆಸಿದ ಅಧ್ಯಯನವನ್ನು ಪುಸ್ತಕವಾಗಿ ತಂದರು. ಮೇಲಿಂದ ಮೇಲೆ ಪೆಟ್ಟು ಬಿದ್ದರೂ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಆಪ್ತರೊಬ್ಬರು ಇದ್ದವರಲ್ಲಿ ಖಿನ್ನತೆ ಬಹಳ ಕಡಿಮೆಯಿತ್ತು. ಒಬ್ಬರಿದ್ದರೆ ಸಾಕಿತ್ತು. ಹನ್ನೊಂದು ಜನರಿದ್ದ ಮನೆಯಲ್ಲಿ ನಿನಗೆ ಆ ಒಬ್ಬರು ಇರಲಿಲ್ಲ.

ಮದ್ದಿತ್ತು ಎಂದೆನಲ್ಲ. ಇಮಿಪ್ರಮಿನ್ ಎಂಬ ಔಷಧ ಖಿನ್ನತೆಗೆ ಕೆಲಸ ಮಾಡುತ್ತದೆಂದು ಸ್ವಿಟ್ಜರ್ಲೆಂಡಿನ ರೋಲ್ಯಾಂಡ್ ಕೂನ್ 1957ರಲ್ಲೇ ವರದಿ ಮಾಡಿದ್ದರು. ಆಗ ನಿನಗೆ ನಾಲ್ಕು ವರ್ಷ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಗಿತ್ತು. ಆದರೆ ನಮ್ಮ ಊರಿನಿಂದ ಅದು ದೂರ, ಮತ್ತು ಅದರ ಹೆಸರು ಹುಚ್ಚಾಸ್ಪತ್ರೆ. ಆಗ ಜಾರಿಯಲ್ಲಿದ್ದದ್ದು ಮನೋರೋಗಿಗಳ ಕುರಿತ 1912ರ ಕಾಯ್ದೆ, ಬ್ರಿಟಿಷರು ಮಾಡಿದ್ದು. ಆತ್ಮಹತ್ಯೆಗೆ ಯತ್ನಿಸಿ ಉಳಿದವರ ಮೇಲೆ ಪೊಲೀಸ್ ಕೇಸು ಬೀಳುತ್ತಿತ್ತು. ನೀನು ‘ಶರಪಂಜರ’ ಸಿನಿಮಾ ನೋಡಿ ಬಂದು ಎರಡು ದಿನ ಮಾತಾಡಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲ್ ತೆಗೆದದ್ದು. ಅದರಲ್ಲಿ ವಾಸಿಯಾಗಿ ಬಂದ ನಾಯಕಿ ಕಾವೇರಿಯನ್ನು ಮನೆಯವರು ಮತ್ತೆ ನಂಬುವುದೇ ಇಲ್ಲ. ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಏನಾಗುತ್ತದೆ ಎಂದು ನೀನು ಅಲ್ಲಿ ಕಂಡೆಯೇನೋ.

ಈಗ ಬದಲಾಗಿದೆ, ಪೂರ್ತಿ ಅಲ್ಲ. ಬಳ್ಳಾರಿ ಜಿಲ್ಲೆಯಲ್ಲಿ 80ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಟ್ಟು ತೋರಿಸಿದರು. ಆ ಮಾದರಿಯ ಮೇಲೆ 1996ರಿಂದ ದೇಶದ ಜಿಲ್ಲೆಗಳಿಗೆ ಕಾರ್ಯಕ್ರಮ ಬಂತು. ನಮ್ಮ ಶಿವಮೊಗ್ಗದಲ್ಲೇ ಮನೋವೈದ್ಯ ಡಾ. ಅಶೋಕ್ ಪೈ ಕಥೆ ಬರೆದು, ಸಿನಿಮಾ ಮಾಡಿಸಿ, ಊರೂರು ತಿರುಗಿ ಮನಸ್ಸಿನ ಕಾಯಿಲೆಯ ಮಾತನ್ನು ಮನೆಯೊಳಗೆ ತಂದರು. ಡಾ. ಸಿ. ಆರ್. ಚಂದ್ರಶೇಖರ್ ಕನ್ನಡದಲ್ಲಿ ಬರೆದ ಚಿಕ್ಕ ಚಿಕ್ಕ ಪುಸ್ತಕಗಳು ನಮ್ಮ ಶಾಲೆಯ ಲೈಬ್ರರಿಯಲ್ಲೂ ಇವೆ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎನ್ನುತ್ತದೆ. ಸಾಯಲು ಹೋದವರನ್ನು ತೀವ್ರ ಸಂಕಟದಲ್ಲಿರುವವರೆಂದು ನೋಡಬೇಕೇ ಹೊರತು ಅಪರಾಧಿಯೆಂದಲ್ಲ ಎನ್ನುತ್ತದೆ. ಆದರೂ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿರುವ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯ ಹೊರಗಿದ್ದಾರೆ. ಅವರಲ್ಲಿ ಎಷ್ಟು ಜನ ತಮ್ಮ ಮನೆಯ ಕಷ್ಟ ದಡ ಮುಟ್ಟಲಿ ಎಂದು ಕಾಯುತ್ತಿದ್ದಾರೋ!

ಮನೆಯ ಸುದ್ದಿ ಇನ್ನೂ ಇದೆ. ಅಜ್ಜ ನೀನು ಹೋದ ಮೂರನೇ ವರ್ಷ ತೀರಿಕೊಂಡ. ಕೇಸಿನಲ್ಲಿ ನಿನ್ನ ಪಾಲಿನ ಪ್ರಶ್ನೆ ಬಂದಾಗ, ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಲು ಸಾಕ್ಷ್ಯ ಕಾಯ್ದೆಯಲ್ಲಿ ಅವಕಾಶವಿದೆ ಎಂದು ವಕೀಲರು ಹೇಳಿದರು. ಅಜ್ಜಿ ಒಪ್ಪಲಿಲ್ಲ. ಹನ್ನೆರಡು ವರ್ಷವಾದ ಮೇಲೆ ಪುರೋಹಿತರು ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ಮಾಡಬಹುದೆಂದರು. ಅಜ್ಜಿ ಅದಕ್ಕೂ ಒಪ್ಪಲಿಲ್ಲ. ಅವಳು ಹೋದ ಮೇಲೆ ಅಪ್ಪಯ್ಯನೂ ಒಪ್ಪಲಿಲ್ಲ. ಅಮ್ಮ ಈಗ ನನ್ನ ಹೆಸರು ಮರೆತಿದ್ದಾಳೆ, ಇವತ್ತಿನ ಊಟ ಮರೆಯುತ್ತಾಳೆ. ಹಳೆಯದೇ ಅವಳಿಗೆ ಹತ್ತಿರ. ರಾತ್ರಿ ತಟ್ಟೆ ಇಟ್ಟರೆ, ಅವನಿಗೆ ಬಡಿಸಿದೆಯಾ, ಕೋರ್ಟಿನಿಂದ ಬಂದನಾ ಎಂದು ನಿನ್ನನ್ನು ಕೇಳುತ್ತಾಳೆ. ಬಂದ, ಕೈಕಾಲು ತೊಳೆಯುತ್ತಿದ್ದಾನೆ ಎನ್ನುತ್ತೇನೆ. ಆಗ ಉಣ್ಣುತ್ತಾಳೆ.

ನೀನು ಬದುಕಿದ್ದರೆ ಎಪ್ಪತ್ತು ದಾಟಿರುತ್ತೀಯ. ಮಹಾರಾಷ್ಟ್ರದ ಕರ್ಜತ್‌ನಲ್ಲಿ ಡಾ. ಭರತ್ ವಾಟ್ವಾನಿಯವರ ಶ್ರದ್ಧಾ ಎಂಬ ಸಂಸ್ಥೆಯಿದೆ. ಬೀದಿಯಲ್ಲಿ ಅಲೆಯುವ ಮನೋರೋಗಿಗಳನ್ನು ಕರೆತಂದು, ಚಿಕಿತ್ಸೆ ಕೊಟ್ಟು, ಊರು ನೆನಪಾದ ಮೇಲೆ ಮನೆಗೆ ಮುಟ್ಟಿಸುತ್ತಾರೆ. 2018ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ವರ್ಷಗಟ್ಟಲೆ ಕಾಣೆಯಾಗಿದ್ದವರು ಮನೆಗೆ ಮರಳಿದ ಸುದ್ದಿಗಳನ್ನು ಓದಿದೆ. ನೀನು ಅಂಥದ್ದೊಂದು ಕಡೆ ಇರಬಹುದು. ಯಾವುದೋ ಮಠದಲ್ಲಿ ಅಡುಗೆ ಬಡಿಸುತ್ತಿರಬಹುದು. ಬೇರೊಂದು ಊರಿನಲ್ಲಿ ಬೇರೊಂದು ಹೆಸರಿನಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಇದ್ದರೆ ಅದಕ್ಕಿಂತ ಸಂತೋಷವಿಲ್ಲ. ಬರಲೇಬೇಕೆಂದು ಕೇಳುವುದಿಲ್ಲ. ಏಕೆ ಹೋದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ, ಅಷ್ಟು ತಿಳಿದಿರಲಿ. ತೋಟದ ಜಂಟಿ ಖಾತೆಯಲ್ಲಿ ನಿನ್ನ ಹೆಸರನ್ನು ತೆಗೆಸಿಲ್ಲ. ಒಂದು ಕಾರ್ಡು ಹಾಕು.

ಈ ಕಾಗದ ನಿನ್ನ ಕೈ ಸೇರದೆ, ರಾತ್ರಿ ಮೂರಕ್ಕೆ ಎಚ್ಚರವಾಗಿ ಜಗಲಿಯಲ್ಲಿ ಕೂತ ಬೇರೊಬ್ಬರ ಕೈ ಸೇರಿದರೆ, ಅವರಲ್ಲಿ ನನ್ನ ಬೇಡಿಕೆ: ಮನೆಯಲ್ಲಿ ಎಷ್ಟೇ ತಾಪತ್ರಯವಿರಲಿ, ಈ ವಾರವೇ ನಿಮ್ಮನ್ನು ವೈದ್ಯರಿಗೆ ತೋರಿಸಿಕೊಳ್ಳಿ. ಕರೆದುಕೊಂಡು ಹೋಗುವವರು ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ. ಕರೆಗೆ ಹಣ ಬೇಡ, ಹಗಲು ರಾತ್ರಿ ಯಾವ ಹೊತ್ತಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇಂತಿ,
ನಿನ್ನ ಅಣ್ಣನ ಮಗಳು
ಸಾಗರ